ಉಪ್ಪಿನಕಾಯಿ ಬಾಟಲಿಗೆ ಹೆಸರಿಡುವ ಮುನ್ನ: ಟ್ರೇಡ್‌ಮಾರ್ಕ್ ಮತ್ತು ಲೇಬಲ್ ಕುರಿತು ಮಲೆನಾಡಿನ ಸಣ್ಣ ಉತ್ಪಾದಕರಿಗೆ ಮಾರ್ಗದರ್ಶಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಮುರುಗಲು ಸಿರಪ್, ಜೋನಿಬೆಲ್ಲ ಮಾಡಿ ಮಾರುವ ಮನೆಗಳ ವ್ಯಾಪಾರವು ಮೊದಲು ನೆಂಟರಿಷ್ಟರಿಂದ ಶುರುವಾಗಿ, ಶಿವಮೊಗ್ಗದ ಒಂದೆರಡು ಅಂಗಡಿಗಳನ್ನು ತಲುಪಿ, ಆಮೇಲೆ ಕೊರಿಯರ್ ಮೂಲಕ ಬೆಂಗಳೂರಿಗೆ ಹರಡುತ್ತದೆ. ನೆಂಟರಿಗೆ ಕೊಡುವಾಗ ಬಾಟಲಿಗೆ ಹೆಸರು ಬೇಕಿರುವುದಿಲ್ಲ. ಮಾಡಿದವರ ಗುರುತೇ ಸಾಕಾಗುತ್ತದೆ. ಅಂಗಡಿಯ ಕಪಾಟಿಗೆ ಏರಿದ ಮೇಲೆ ಮಾತ್ರ ಕೊಳ್ಳುವವರು ಎರಡು ಪ್ರಶ್ನೆ ಕೇಳುತ್ತಾರೆ: ಇದು ಯಾರದು, ಮತ್ತು ಇದರೊಳಗೆ ಏನಿದೆ. ಮೊದಲನೆಯದಕ್ಕೆ ಉತ್ತರ ಕೊಡುವುದು ಟ್ರೇಡ್‌ಮಾರ್ಕ್, ಎರಡನೆಯದಕ್ಕೆ ಲೇಬಲ್. ಎರಡೂ ಉತ್ತರಗಳನ್ನು ಒಂದೇ ಹೆಸರಿನಲ್ಲಿ ತುಂಬಿಸಲು ಹೋಗಿ ‘ಶುದ್ಧ ಮಲೆನಾಡು ಉಪ್ಪಿನಕಾಯಿ’ ಎಂದು ಬರೆಸಿಬಿಡುವವರು ಬಹಳ. ಅಂಥ ಹೆಸರಿಗೆ ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ಆಕ್ಷೇಪಣೆ ಬರುತ್ತದೆ, ‘ಶುದ್ಧ’ ಎಂಬುದಕ್ಕೆ ಆಹಾರ ಸುರಕ್ಷತಾ ಅಧಿಕಾರಿಗಳು ಆಧಾರ ಕೇಳುತ್ತಾರೆ. ಆದ್ದರಿಂದ ಲೇಬಲ್ ಅಚ್ಚಿಗೆ ಕೊಡುವ ಮೊದಲೇ ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಯೋಚಿಸಿಕೊಳ್ಳುವುದು ಒಳ್ಳೆಯದು.

ಮೊದಲ ಹಂತ: ಹೆಸರು ಆರಿಸುವುದು

ನಮ್ಮಲ್ಲಿ ಜಾರಿಯಲ್ಲಿರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ; ಅದು 2003ರ ಸೆಪ್ಟೆಂಬರ್ 15ರಿಂದ ಜಾರಿಗೆ ಬಂದಿದೆ. ಅದರ 9ನೇ ಕಲಮಿನ ಪ್ರಕಾರ ವಸ್ತುವಿನ ಜಾತಿ, ಗುಣಮಟ್ಟ, ಪ್ರಮಾಣ, ಉಪಯೋಗ ಅಥವಾ ಊರನ್ನಷ್ಟೇ ಹೇಳುವ ಪದಗಳನ್ನೂ, ಆ ವ್ಯಾಪಾರದಲ್ಲಿ ಎಲ್ಲರ ಬಾಯಲ್ಲಿರುವ ಪದಗಳನ್ನೂ ಸಾಮಾನ್ಯವಾಗಿ ಒಬ್ಬರ ಹೆಸರಿಗೆ ನೋಂದಾಯಿಸುವಂತಿಲ್ಲ. ಅಡಿಕೆ ಮಂಡಿಯ ಮಾತಿನಲ್ಲೇ ಹೇಳುವುದಾದರೆ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬವು ಅಡಿಕೆಯ ದರ್ಜೆಗಳು. ಯಾವುದೋ ಒಂದು ಕಂಪನಿ ‘ರಾಶಿ ಇಡಿ’ ತನ್ನದೆಂದು ಬರೆಸಿಕೊಂಡರೆ ಉಳಿದ ಬೆಳೆಗಾರರು ತಮ್ಮ ಅಡಿಕೆಯನ್ನು ಏನೆಂದು ಕರೆಯಬೇಕು? ಜೀರಿಗೆ ಮಿಡಿ, ಕಳಲೆ, ತೊಡೆದೇವು ಎಂಬ ಪದಗಳಿಗೂ ಇದೇ ಮಾತು. ಕಾನೂನು ಇಲ್ಲಿ ಕೊಳ್ಳುವವರ ಮತ್ತು ಉಳಿದ ವ್ಯಾಪಾರಿಗಳ ಪರವಾಗಿ ನಿಂತಿದೆ.

ಹಾಗಾದರೆ ಎಂಥ ಹೆಸರು ಗಟ್ಟಿ? ವಸ್ತುವಿಗೂ ಹೆಸರಿಗೂ ನೇರ ಸಂಬಂಧ ಕಡಿಮೆ ಇದ್ದಷ್ಟೂ ಒಳ್ಳೆಯದು. ನಿಮ್ಮ ತೋಟದ ಯಾವುದೋ ಮರದ ಹೆಸರು, ಮನೆತನದಲ್ಲಿ ಮಾತ್ರ ಬಳಕೆಯಲ್ಲಿರುವ ಒಂದು ಅಡ್ಡಹೆಸರು, ಎರಡು ಪದ ಕೂಡಿಸಿ ಹೊಸದಾಗಿ ಕಟ್ಟಿದ ಪದ ಇವೆಲ್ಲ ನಡೆಯುತ್ತವೆ. ತುಂಗಾ, ಶರಾವತಿ, ಜೋಗ, ಸಹ್ಯಾದ್ರಿ ಎಂಬ ಹೆಸರುಗಳ ಮೇಲೆ ಮಲೆನಾಡಿನವರಿಗೆ ಇರುವ ಪ್ರೀತಿ ಅರ್ಥವಾಗುವಂಥದ್ದೇ, ಆದರೆ ಅದೇ ಪ್ರೀತಿ ಇನ್ನೂ ಎಷ್ಟೋ ಜನರಿಗೆ ಇದೆ ಎಂಬುದನ್ನು ಮರೆಯಬಾರದು. ಅವುಗಳನ್ನು ಬಳಸಲೇಬೇಕೆಂದರೆ ವಿಶಿಷ್ಟವಾದ ಚಿತ್ರ ಹಾಗೂ ಅಕ್ಷರ ವಿನ್ಯಾಸದೊಂದಿಗೆ ಇಡೀ ಲೋಗೋವನ್ನು ನೋಂದಾಯಿಸಬಹುದು. ಆಗ ರಕ್ಷಣೆ ಸಿಗುವುದು ಒಟ್ಟು ಲೋಗೋಗೆ, ಅದರೊಳಗಿನ ನದಿಯ ಹೆಸರಿಗೆ ಪ್ರತ್ಯೇಕವಾಗಿ ಸಿಗುವುದಿಲ್ಲ.

ಪುರಾಣದ ಹೆಸರುಗಳ ಕಥೆಯೂ ಹೀಗೆಯೇ. ಕರ್ನಾಟಕ ಹಾಲು ಮಹಾಮಂಡಳವು 1985ರಿಂದ ‘ನಂದಿನಿ’ ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ ಹೋಟೆಲೊಂದು 1989ರಿಂದ ‘ನಂದಿನಿ’ ಎಂಬ ಹೆಸರಿನಲ್ಲೇ ನಡೆಯುತ್ತಿತ್ತು. ಹೋಟೆಲಿನವರು ‘ನಂದಿನಿ ಡಿಲಕ್ಸ್’ ಎಂಬ ಗುರುತಿಗೆ ನೋಂದಣಿ ಕೇಳಿದಾಗ ಮಹಾಮಂಡಳ ವಿರೋಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರವಾಗಿ ತೀರ್ಪು ಕೊಟ್ಟಿತು: ನಂದಿನಿ ಎಂಬುದು ದೇವಿಯ, ಪುರಾಣದ ಹಸುವಿನ ಹೆಸರು, ಎರಡೂ ಗುರುತುಗಳು ನೋಡಲು ಬೇರೆಬೇರೆ, ಒಬ್ಬರು ಮಾರುವುದು ಹಾಲು, ಹಾಲಿನ ಪದಾರ್ಥ, ಇನ್ನೊಬ್ಬರು ಬೇರೆ ಆಹಾರ. ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನ ನೋಂದಣಿಯಿಂದ ಹೊರಗಿಡಲಾಯಿತು. ಇಷ್ಟು ದೊಡ್ಡ ಸಂಸ್ಥೆಗೇ ದೇವರ ಹೆಸರಿನ ಮೇಲೆ ಪೂರ್ತಿ ಏಕಸ್ವಾಮ್ಯ ಸಿಗಲಿಲ್ಲ ಎಂದಮೇಲೆ ಸಣ್ಣ ಉತ್ಪಾದಕರು ಅಂಥ ಹೆಸರಿನ ಮೇಲೆ ಹಣ ಹಾಕುವ ಮೊದಲು ಯೋಚಿಸಬೇಕು.

ಎರಡನೆಯ ಹಂತ: ಮೊದಲೇ ಇದೆಯೇ ಎಂದು ಹುಡುಕುವುದು

ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್‌ಗಳನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಪದವನ್ನು ಇದ್ದಂತೆಯೇ ಹುಡುಕಿ ಸುಮ್ಮನಾಗಬೇಡಿ. ಉಚ್ಚಾರದ ಹೋಲಿಕೆಯಿಂದ ಹುಡುಕುವ ಸೌಲಭ್ಯವೂ ಅಲ್ಲಿದೆ, ಅದನ್ನು ತಪ್ಪದೆ ಬಳಸಿ. ಕನ್ನಡದ ಒಂದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕಾರು ರೀತಿ ಬರೆಯುತ್ತಾರಾದ್ದರಿಂದ ಎಲ್ಲ ಕಾಗುಣಿತಗಳನ್ನೂ ಹಾಕಿ ನೋಡಬೇಕು.

ಹೋಲಿಕೆಯನ್ನು ಕೋರ್ಟುಗಳು ಹೇಗೆ ಅಳೆಯುತ್ತವೆ ಎಂಬುದಕ್ಕೆ ಹಳೆಯದಾದರೂ ಇಂದಿಗೂ ಉದ್ಧರಿಸುವ ತೀರ್ಪೊಂದಿದೆ. ‘ಅಮೃತಧಾರಾ’ ಎಂಬ ಔಷಧಿಯವರು ‘ಲಕ್ಷ್ಮಣಧಾರಾ’ ಎಂಬ ಹೆಸರನ್ನು ವಿರೋಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ಬಿಡಿಸಿ ನೋಡುವ ಪಂಡಿತನ ಕಣ್ಣಿನಿಂದ ತೀರ್ಮಾನಿಸದೆ, ಸಾಮಾನ್ಯ ತಿಳಿವಳಿಕೆಯ, ಹಿಂದೆ ಕೊಂಡದ್ದನ್ನು ಅರೆಬರೆ ನೆನಪಿಟ್ಟುಕೊಂಡಿರುವ ಗ್ರಾಹಕನಿಗೆ ಏನನ್ನಿಸುತ್ತದೆ ಎಂದು ಕೇಳಿಕೊಂಡಿತು. ಕೊನೆಗೆ ಆ ಪ್ರಕರಣದ ವಿಶೇಷ ಸಂದರ್ಭಗಳಿಂದಾಗಿ ಲಕ್ಷ್ಮಣಧಾರಾಗೆ ಉತ್ತರ ಪ್ರದೇಶದ ಮಟ್ಟಿಗೆ ಮಾತ್ರ ನೋಂದಣಿ ಸಿಕ್ಕಿತು, ಆದರೆ ಎರಡೂ ಹೆಸರು ಗೊಂದಲ ಹುಟ್ಟಿಸುವಷ್ಟು ಹತ್ತಿರವಿವೆ ಎಂಬ ಮಾತು ಉಳಿಯಿತು. ಗಾಂಧಿ ಬಜಾರಿನ ಅಂಗಡಿಯಲ್ಲಿ ನಿಂತು ‘ಹೋದ ಸಲ ತಗೊಂಡಿದ್ನಲ್ಲ, ಆ ಏನೋ ಧಾರೆ ಉಪ್ಪಿನಕಾಯಿ ಕೊಡಿ’ ಎನ್ನುವ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಿಮ್ಮ ಹೆಸರನ್ನು ಪರೀಕ್ಷಿಸಿ. ಅವರಿಗೆ ಗೊಂದಲವಾಗುವಂತಿದ್ದರೆ ಹೆಸರು ಬದಲಿಸಿ.

ಮೂರನೆಯ ಹಂತ: ಅರ್ಜಿ

ಅರ್ಜಿಯನ್ನು ಟಿಎಂ-ಎ ಎಂಬ ನಮೂನೆಯಲ್ಲಿ ಆನ್‌ಲೈನ್ ಮೂಲಕ ಹಾಕಬಹುದು. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಚೆನ್ನೈಗೆ ಹೋಗುವ ಅಗತ್ಯವಿಲ್ಲ. ಸ್ವತಃ ಹಾಕಬಹುದು, ವಕೀಲರ ಅಥವಾ ನೋಂದಾಯಿತ ಏಜೆಂಟರ ಮೂಲಕವೂ ಹಾಕಬಹುದು. 2017ರ ನಿಯಮಗಳ ಪ್ರಕಾರ ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ಉಳಿದವರಿಗೆ 9,000 ರೂಪಾಯಿ. ಸಣ್ಣ ಉದ್ದಿಮೆ ಎಂದು ರಿಯಾಯಿತಿ ಕೇಳುವವರು ಅದಕ್ಕೆ ದಾಖಲೆ ಕೊಡಬೇಕು. ಏಜೆಂಟರ ಸಂಭಾವನೆ ಇದರ ಮೇಲೆ ಬೇರೆ. ಸರ್ಕಾರಿ ಶುಲ್ಕ ಎಷ್ಟು, ಅವರದೆಷ್ಟು ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ವರ್ಗ ಎಂದರೆ ಸರಕು ಮತ್ತು ಸೇವೆಗಳನ್ನು ಹಂಚಿರುವ 45 ವಿಭಾಗಗಳಲ್ಲಿ ಒಂದು. ಉಪ್ಪಿನಕಾಯಿ 29ರಲ್ಲಿ, ಜೇನು, ಬೆಲ್ಲ, ಕಾಫಿಪುಡಿ, ಕಾಳುಮೆಣಸಿನಂಥ ಸಾಂಬಾರ ಪದಾರ್ಥಗಳು 30ರಲ್ಲಿ, ಸಂಸ್ಕರಿಸದ ಕೃಷಿ ಉತ್ಪನ್ನ 31ರಲ್ಲಿ, ಪಾನಕದ ಸಿರಪ್ 32ರಲ್ಲಿ, ಹೋಟೆಲ್ ಸೇವೆ 43ರಲ್ಲಿ ಬರುತ್ತವೆ. ಉಪ್ಪಿನಕಾಯಿ, ಜೇನು, ಮುರುಗಲು ಸಿರಪ್ ಮೂರಕ್ಕೂ ಒಂದೇ ಹೆಸರು ಬೇಕೆಂದರೆ ಮೂರು ವರ್ಗವಾಯಿತು, 13,500 ರೂಪಾಯಿ. ಈಗ ನಿಜವಾಗಿ ಮಾರುತ್ತಿರುವುದಕ್ಕೆ ಮಾತ್ರ ಕೇಳಿ. ಐದು ವರ್ಷಕ್ಕೂ ಹೆಚ್ಚು ಕಾಲ ಬಳಸದೆ ಬಿಟ್ಟ ಟ್ರೇಡ್‌ಮಾರ್ಕ್ ಅನ್ನು ತೆಗೆದುಹಾಕಿಸಲು ಇನ್ನೊಬ್ಬರು ಅರ್ಜಿ ಹಾಕಬಹುದು.

ಲೋಗೋದಲ್ಲಿ ಕನ್ನಡ ಅಕ್ಷರಗಳಿದ್ದರೆ ಆ ಪದದ ಲಿಪ್ಯಂತರ ಮತ್ತು ಅರ್ಥವನ್ನು ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಅರ್ಜಿಯಲ್ಲೇ ಕೊಡಬೇಕು.

ಅರ್ಜಿಯಲ್ಲಿ ತೀರ ಎಚ್ಚರದಿಂದ ತುಂಬಬೇಕಾದ ಅಂಕಣವೆಂದರೆ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂಬುದು. ಇನ್ನೂ ಬಳಸಿಲ್ಲವಾದರೆ ಮುಂದೆ ಬಳಸುವ ಉದ್ದೇಶವಿದೆ ಎಂದು ಹೇಳಿದರೆ ಸಾಕು. ಬಳಸುತ್ತಿದ್ದರೆ ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆಯನ್ನೂ ಪೂರಕ ದಾಖಲೆಗಳನ್ನೂ ಕೊಡಬೇಕಾಗುತ್ತದೆ. ಅಜ್ಜಿಯ ಕಾಲದಿಂದ ಉಪ್ಪಿನಕಾಯಿ ಹಾಕುತ್ತಿರುವುದು ನಿಜವಿರಬಹುದು, ಆದರೆ ಈ ಹೆಸರಿನಲ್ಲಿ ಮಾರಿದ್ದು ಯಾವಾಗಿನಿಂದ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಸುಳ್ಳು ದಿನಾಂಕ ಬರೆದರೆ ಮುಂದೆ ಎದುರಾಳಿಯ ವಕೀಲರು ಮೊದಲು ಹಿಡಿಯುವುದೇ ಅದನ್ನು. ಲೇಬಲ್ ಅಚ್ಚುಹಾಕಿದ ಪ್ರೆಸ್ಸಿನ ಬಿಲ್ಲು, ಅಂಗಡಿಗೆ ಕೊಟ್ಟ ಮೊದಲ ಬಿಲ್ಲಿನ ನಕಲು, ಕೊರಿಯರ್ ರಸೀದಿ, ಮೇಳದ ಮಳಿಗೆಯ ದಿನಾಂಕವಿರುವ ಫೋಟೊ ಇವುಗಳನ್ನೆಲ್ಲ ಒಂದು ಫೈಲಿನಲ್ಲಿ ಸೇರಿಸಿಡಿ. ಬಹಳ ಮನೆಗಳಲ್ಲಿ ಲೆಕ್ಕವೆಲ್ಲ ಒಂದು ನೋಟುಪುಸ್ತಕದಲ್ಲಿ ಇರುತ್ತದೆ, ಬಿಲ್ಲು ಇರುವುದಿಲ್ಲ; ಇವತ್ತಿನಿಂದಲಾದರೂ ಹೆಸರು ಮುದ್ರಿಸಿದ ಬಿಲ್ ಪುಸ್ತಕ ಇಡಿ. ತಿರುನೆಲ್ವೇಲಿಯ ಪ್ರಸಿದ್ಧ ‘ಇರುಟ್ಟುಕಡೈ ಹಲ್ವಾ’ ಹೆಸರಿನ ವ್ಯಾಜ್ಯದಲ್ಲಿ ಎರಡೂ ಕಡೆಯವರಿಗೆ ನೋಂದಣಿ ಇದ್ದರೂ ಮೊದಲು ಬಳಸಿದವರ ಹಕ್ಕೇ ಮೇಲು ಎಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಹಳೆಯ ಬಿಲ್ಲು ರದ್ದಿಗೆ ಹೋಗದಂತೆ ನೋಡಿಕೊಳ್ಳುವುದೂ ಹಕ್ಕು ಕಾಯುವ ಕೆಲಸವೇ.

ಇನ್ನು ಅರ್ಜಿ ಯಾರ ಹೆಸರಿನಲ್ಲಿ? ಸ್ತ್ರೀಶಕ್ತಿ ಸಂಘ ಅಥವಾ ಅಣ್ಣತಮ್ಮಂದಿರು ಕೂಡಿ ಮಾಡುವ ವ್ಯಾಪಾರದಲ್ಲಿ ಇದನ್ನು ಮೊದಲೇ ಕೂತು ಮಾತಾಡಿ ಬರೆದಿಟ್ಟುಕೊಳ್ಳಬೇಕು. ಕಂಪ್ಯೂಟರ್ ಬಲ್ಲ ಒಬ್ಬರ ಹೆಸರಿನಲ್ಲಿ ಸುಲಭಕ್ಕೆಂದು ಹಾಕಿಬಿಟ್ಟರೆ ಕಾನೂನಿನ ಕಣ್ಣಿಗೆ ಅವರೇ ಒಡೆಯರಾಗುತ್ತಾರೆ. ಸಂಘ ಒಡೆದ ದಿನ ಉಳಿದವರ ಕೈಯಲ್ಲಿ ಏನೂ ಇರುವುದಿಲ್ಲ.

ಅರ್ಜಿಯ ಮೇಲೆ ಪರೀಕ್ಷಾ ವರದಿ ಬರುತ್ತದೆ. ಅದರಲ್ಲಿ ಆಕ್ಷೇಪಣೆ ಇದ್ದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಸ್ಥಿತಿ ತೋರಿಸುವ ಪುಟದಲ್ಲಿ ‘ಆಬ್ಜೆಕ್ಟೆಡ್’ ಎಂದು ಕಂಡ ಕೂಡಲೇ ಎಲ್ಲ ಮುಗಿಯಿತೆಂದು ಕೈಬಿಡುವವರಿದ್ದಾರೆ. ಅದು ವಿವರಣೆ ಕೇಳುವ ಹಂತ ಮಾತ್ರ. ಉತ್ತರ ಒಪ್ಪಿಗೆಯಾದರೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಅಲ್ಲಿಂದ ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧಿಸಬಹುದು. ವಿರೋಧ ಬಂದು ಅದರ ಪ್ರತಿ ನಿಮಗೆ ತಲುಪಿದ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಲೆಕ್ಕ. ವಿರೋಧ ಬರದಿದ್ದರೆ ನೋಂದಣಿಯಾಗುತ್ತದೆ. ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ.

ನಾಲ್ಕನೆಯ ಹಂತ: ಲೇಬಲ್ಲಿನ ಮೇಲೆ ನಿಜ ಬರೆಯುವುದು

ಒಂದು ಕಾಲ್ಪನಿಕ ಬಾಟಲಿಯನ್ನು ಕೈಗೆತ್ತಿಕೊಳ್ಳೋಣ. ಮುಂಭಾಗದಲ್ಲಿ ಅಜ್ಜಿಯ ಚಿತ್ರ, ಅದರ ಕೆಳಗೆ ‘ಅಸಲಿ ಅಜ್ಜಿ ಕೈರುಚಿ’ ಎಂಬ ಹೆಸರು, ಪಕ್ಕದಲ್ಲಿ ವೃತ್ತದೊಳಗಿನ ಆರ್ ಅಕ್ಷರ, ಕೆಳಗೆ ‘ಮನೆಯಲ್ಲೇ ಮಾಡಿದ ಸಾವಯವ ಅಪ್ಪೆಮಿಡಿ’. ನೋಡಲು ಚೆಂದವಾಗಿಯೇ ಇದೆ, ಆದರೆ ಒಂದೊಂದು ಪದವೂ ಒಂದೊಂದು ಕಾನೂನನ್ನು ತಟ್ಟುತ್ತದೆ.

ವೃತ್ತದೊಳಗಿನ ಆರ್ ಗುರುತನ್ನು ನೋಂದಣಿ ಪ್ರಮಾಣಪತ್ರ ಬಂದ ಮೇಲೆ ಮಾತ್ರ ಹಾಕಬಹುದು. ಅರ್ಜಿ ಹಾಕಿದ ಮಾತ್ರಕ್ಕೆ ಹಾಕಿದರೆ ಕಾಯ್ದೆಯ 107ನೇ ಕಲಮಿನ ಉಲ್ಲಂಘನೆಯಾಗುತ್ತದೆ. ಅಲ್ಲಿಯವರೆಗೆ ಟಿಎಂ ಎಂಬ ಎರಡಕ್ಷರ ಸಾಕು. ಅದಕ್ಕೆ ಯಾರ ಅನುಮತಿಯೂ ಬೇಡ. ಅಂದ ಹಾಗೆ, ಇವೆರಡೂ ರುಚಿಗಾಗಲಿ ಗುಣಮಟ್ಟಕ್ಕಾಗಲಿ ಸರ್ಕಾರ ಕೊಟ್ಟ ಮುದ್ರೆಯಲ್ಲ, ಕೊಳ್ಳುವವರು ಇದನ್ನು ತಿಳಿದಿರಬೇಕು.

‘ಅಸಲಿ’, ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’, ‘ತಾಜಾ’ ಎಂಬಂಥ ವಿಶೇಷಣಗಳ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿ ಬಿಗಿಯಾಗಿದೆ. ಪ್ರತಿ ಪದವನ್ನು ಯಾವ ಸ್ಥಿತಿಯಲ್ಲಿ ಬಳಸಬಹುದು ಎಂದು ಅದು ಹೇಳುತ್ತದೆ. ಉದಾಹರಣೆಗೆ ‘ಶುದ್ಧ’ ಎಂಬುದು ಬೇರೇನೂ ಬೆರೆಸದ, ಒಂದೇ ಪದಾರ್ಥದ ಆಹಾರಕ್ಕೆ ಹೊಂದುವ ಮಾತು. ಉಪ್ಪು, ಸಾಸಿವೆ, ಮೆಣಸು ಬೆರೆತ ಉಪ್ಪಿನಕಾಯಿಗೆ ಅದು ಹೇಗೆ ಹೊಂದೀತು? ನಿಮ್ಮ ಟ್ರೇಡ್‌ಮಾರ್ಕ್‌ನಲ್ಲೇ ಇಂಥ ಪದವಿದ್ದು ಅದು ಗ್ರಾಹಕರ ದಾರಿ ತಪ್ಪಿಸುವಂತಿದ್ದರೆ, ಇದು ಕೇವಲ ಬ್ರಾಂಡ್ ಹೆಸರು ಅಥವಾ ಟ್ರೇಡ್‌ಮಾರ್ಕ್, ಪದಾರ್ಥದ ನಿಜ ಸ್ವರೂಪವನ್ನು ತಿಳಿಸುವುದಿಲ್ಲ ಎಂಬ ಅರ್ಥದ ಸೂಚನೆಯನ್ನು ಕನಿಷ್ಠ 3 ಮಿಲಿಮೀಟರ್ ಅಕ್ಷರಗಳಲ್ಲಿ ಲೇಬಲ್ ಮೇಲೆ ಅಚ್ಚುಹಾಕಬೇಕು. ‘ಅಸಲಿ’ ಎಂದು ದೊಡ್ಡದಾಗಿ ಬರೆದು ಕೆಳಗೆ ‘ಅಸಲಿ ಎಂಬುದು ಹೆಸರಷ್ಟೇ’ ಎಂದು ನಾವೇ ಒಪ್ಪಿಕೊಳ್ಳುವ ಪಾಡು ಯಾವ ಉತ್ಪಾದಕರಿಗೂ ಬೇಡ. ಹೆಸರಿನಿಂದ ಆ ಪದವನ್ನು ಕಿತ್ತುಹಾಕುವುದೇ ಮೇಲು. ‘ಮನೆಯಲ್ಲೇ ಮಾಡಿದ್ದು’ ಎಂಬ ಮಾತನ್ನೂ ಗ್ರಾಹಕರಲ್ಲಿ ತಪ್ಪು ಕಲ್ಪನೆ ಹುಟ್ಟುವ ಹಾಗೆ ಬಳಸುವಂತಿಲ್ಲ.

‘ಸಾವಯವ’ ಎಂಬುದಕ್ಕೆ ಪ್ರಮಾಣೀಕರಣದ ಬೆಂಬಲ ಬೇಕು. ರಾಸಾಯನಿಕ ಹಾಕದ ತೋಟ ಎಂಬುದು ನಿಮಗೆ ಗೊತ್ತಿದ್ದರೆ ಸಾಲದು. ಪ್ಯಾಕ್ ಮಾಡಿ ಅಂಗಡಿಗೆ ಕೊಡುವ ಸರಕಿನ ಮೇಲೆ ಆ ಪದ ಹಾಕುವ ಮುನ್ನ ಪ್ರಮಾಣಪತ್ರ ಪಡೆಯಿರಿ.

‘ಅಪ್ಪೆಮಿಡಿ’ ಜಿಐ, ಅಂದರೆ ಭೌಗೋಳಿಕ ಸೂಚಕದ ನೋಂದಣಿ ಪಡೆದ ಮಾವು. ಶಿರಸಿ ಅಡಿಕೆ, ಚಿಕ್ಕಮಗಳೂರು ಅರೇಬಿಕಾ ಕಾಫಿ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಜಿಐ ಸಿಕ್ಕಿದೆ. ಜಿಐ ಇಡೀ ಸೀಮೆಯ ಬೆಳೆಗಾರರ ಸ್ವತ್ತು; ಅದನ್ನು ಒಬ್ಬರ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಬರುವುದಿಲ್ಲ. ಅಧಿಕೃತ ಬಳಕೆದಾರರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರು ಅದರ ಪೂರ್ಣ ರಕ್ಷಣೆ ಪಡೆಯುತ್ತಾರೆ. ಹೊರಗಿನಿಂದ ತಂದ ಸಾಮಾನ್ಯ ಮಾವಿನ ಮಿಡಿಗೆ ಉಪ್ಪು ಹಾಕಿ ಅಪ್ಪೆಮಿಡಿ ಎಂದು ಮಾರುವುದು ಕೊಳ್ಳುವವರಿಗೂ ಹೊಳೆಯಂಚಿನ ಮರ ಉಳಿಸಿಕೊಂಡು ಬಂದವರಿಗೂ ಒಟ್ಟಿಗೇ ಮಾಡುವ ಮೋಸ.

ಇನ್ನು ಹಿಂಭಾಗ. ಪದಾರ್ಥದ ಸಾಮಾನ್ಯ ಹೆಸರು, ತೂಕದ ಇಳಿಕೆ ಕ್ರಮದಲ್ಲಿ ಒಳಗಿನ ವಸ್ತುಗಳ ಪಟ್ಟಿ, ಬಾಟಲಿಯ ತೂಕ ಕಳೆದ ನಿವ್ವಳ ತೂಕ, ತಯಾರಕರ ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಸಿದ ಹಾಗೂ ಬಳಸಬೇಕಾದ ಅವಧಿ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ಫೋನ್ ಮತ್ತು ಇಮೇಲ್ ಇರಬೇಕು. ಗ್ರಾಂ ಲೆಕ್ಕದ ಬೆಲೆಯೂ ಬೇಕು: 400 ಗ್ರಾಂ ಬಾಟಲಿಗೆ 220 ರೂಪಾಯಿ ಆದರೆ ಗ್ರಾಂಗೆ 55 ಪೈಸೆ. ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕಡ್ಡಾಯ. ಜೊತೆಗೆ ಕನ್ನಡದಲ್ಲೂ ಹಾಕಿ, ಓದುವವರು ಇಲ್ಲಿಯವರೇ. ಕಾಫಿಪುಡಿ ಮಾರುವವರು ಚಿಕೋರಿ ಬೆರೆಸಿದ್ದರೆ ಕಾಫಿ ಶೇಕಡ ಎಷ್ಟು, ಚಿಕೋರಿ ಶೇಕಡ ಎಷ್ಟು ಎಂದು ಸ್ಪಷ್ಟವಾಗಿ ಬರೆಯಬೇಕು, ಕಾಫಿಯ ಪಾಲು ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಜೇನಿನಿಂದ ಸಕ್ಕರೆ ಕಾಯಿಲೆ ವಾಸಿ, ಮುರುಗಲಿನಿಂದ ಬೊಜ್ಜು ಮಾಯ ಎಂಬಂಥ ಸಾಲುಗಳು ಲೇಬಲ್ಲಿನಲ್ಲಿ ಬೇಡವೇ ಬೇಡ.

ಇನ್ನೊಬ್ಬರ ಹೆಸರನ್ನು ಎಷ್ಟರಮಟ್ಟಿಗೆ ಬಳಸಬಹುದು

ಬೇರೆಯವರ ಟ್ರೇಡ್‌ಮಾರ್ಕ್ ಅನ್ನು ಉಚ್ಚರಿಸುವುದೇ ಅಪರಾಧ ಎಂದು ಹೆದರುವವರಿದ್ದಾರೆ. ಹಾಗೇನೂ ಇಲ್ಲ. ಕಾಯ್ದೆಯ 30ನೇ ಕಲಮು ಪ್ರಾಮಾಣಿಕ ಬಳಕೆಗೆ ದಾರಿ ಬಿಟ್ಟಿದೆ. ಬಿ.ಎಚ್. ರಸ್ತೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರು ‘ಇಂಥ ಕಂಪನಿಯ ಪಂಪಿಗೆ ಹೊಂದುವ ವಾಷರ್ ಸಿಗುತ್ತದೆ’ ಎಂದು ಬೋರ್ಡು ಹಾಕಬಹುದು. ಅದೇ ಕಂಪನಿಯ ಲೋಗೋವನ್ನು ದೊಡ್ಡದಾಗಿ ಬರೆಸಿ, ಅಧಿಕೃತ ಸರ್ವಿಸ್ ಸೆಂಟರ್ ಎಂಬ ಭಾವನೆ ಮೂಡಿಸಿದರೆ ತಪ್ಪಾಗುತ್ತದೆ. ಹಾಗೆಯೇ ಇನ್ನೊಬ್ಬರು ‘ಮಲೆನಾಡು’ ಎಂಬುದನ್ನು ಲೋಗೋದಲ್ಲಿ ನೋಂದಾಯಿಸಿಕೊಂಡಿದ್ದರೂ ನಿಮ್ಮ ಲೇಬಲ್ಲಿನ ಮೇಲೆ ‘ಮಲೆನಾಡಿನಲ್ಲಿ ಬೆಳೆದ ಕಾಳುಮೆಣಸು’ ಎಂದು ಸಹಜ ವಿವರಣೆಯಾಗಿ ಬರೆಯುವುದನ್ನು ಅವರು ತಡೆಯಲಾರರು. ಕೊಳ್ಳುವವರು ಬ್ರಾಂಡಿನ ಹೆಸರು ಹಿಡಿದು ರುಚಿ ಚೆನ್ನಾಗಿಲ್ಲ, ತೂಕ ಕಡಿಮೆ ಎಂದು ಹೇಳಿಕೊಳ್ಳುವುದಕ್ಕೂ ಟ್ರೇಡ್‌ಮಾರ್ಕ್ ಕಾನೂನು ಅಡ್ಡಿಯಿಲ್ಲ. ಹೇಳುವುದು ನಿಜವಾಗಿರಬೇಕು, ಅಷ್ಟೆ.

ನಕಲು ಕಂಡಾಗ

ಉತ್ಪಾದಕರಾದರೆ ಮೊದಲು ನಕಲು ಬಾಟಲಿಯನ್ನು ಬಿಲ್ ಸಮೇತ ಕೊಂಡು ಇಟ್ಟುಕೊಳ್ಳಿ, ಆಮೇಲೆ ವಕೀಲರ ನೋಟಿಸ್ ಕೊಡಿ. ಸಣ್ಣ ಊರುಗಳಲ್ಲಿ ನೋಟಿಸಿನಲ್ಲೇ ಮುಗಿಯುವ ಸಂಗತಿಗಳು ಸಾಕಷ್ಟಿವೆ. ಗೊತ್ತಿಲ್ಲದೆ ಹೆಸರಿಟ್ಟವರು ಬದಲಿಸಲು ಒಪ್ಪುತ್ತಾರೆ. ಒಪ್ಪದಿದ್ದರೆ, ನೋಂದಣಿ ಇರುವವರು ತಾವು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲೇ ದಾವೆ ಹೂಡಬಹುದು; ನಕಲು ಮಾಡಿದವರು ಮುಂಬೈನಲ್ಲಿದ್ದರೂ ನೀವು ಅಲ್ಲಿಗೆ ಅಲೆಯಬೇಕಿಲ್ಲ. ನೋಂದಣಿ ಇಲ್ಲದವರಿಗೂ ದಾರಿ ಇದೆ, ಆದರೆ ಅವರು ತಮ್ಮ ಹೆಸರಿಗೆ ಜನರಲ್ಲಿ ಮನ್ನಣೆ ಇದೆ, ಎದುರಿನವರು ಗ್ರಾಹಕರನ್ನು ತಪ್ಪುದಾರಿಗೆ ಎಳೆದಿದ್ದಾರೆ, ಇದರಿಂದ ನಷ್ಟವಾಗಿದೆ ಎಂಬ ಮೂರನ್ನೂ ಸಾಬೀತು ಮಾಡಬೇಕು. ಆಗ ಉಪಯೋಗಕ್ಕೆ ಬರುವುದು ಮೇಲೆ ಹೇಳಿದ ಬಿಲ್ಲುಗಳ ಫೈಲೇ.

ಕೊಳ್ಳುವವರಾದರೆ ಬಾಟಲಿ ತೊಳೆದು ಎಸೆಯುವ ಮೊದಲು ಲೇಬಲ್ಲಿನ ಎಲ್ಲ ಬದಿಗಳ ಫೋಟೊ ತೆಗೆದಿಡಿ, ಬಿಲ್ಲನ್ನು ಕೇಳಿ ಪಡೆಯಿರಿ. ತೂಕ, ಬೆಲೆಯ ದೂರು ಕಾನೂನು ಮಾಪನಶಾಸ್ತ್ರ ಇಲಾಖೆಗೆ, ಕಲಬೆರಕೆಯ ದೂರು ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಸೇರಿದ್ದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸುಳ್ಳು ಹೇಳಿಕೆಯ ಮಾರಾಟವನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ನಿಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಿಲ್ಲ.

ನೋಂದಣಿ ಆದ ಮೇಲೆ

ನೋಂದಣಿ 10 ವರ್ಷ ನಡೆಯುತ್ತದೆ. ಅವಧಿ ಮುಗಿಯುವ ಮೊದಲಿನ ಒಂದು ವರ್ಷದೊಳಗೆ ಟಿಎಂ-ಆರ್ ನಮೂನೆಯಲ್ಲಿ ನವೀಕರಿಸಬೇಕು. ಆನ್‌ಲೈನ್ ಶುಲ್ಕ ವರ್ಗವೊಂದಕ್ಕೆ 9,000 ರೂಪಾಯಿ, ಇಲ್ಲಿ ವ್ಯಕ್ತಿಗಳಿಗೆಂದು ರಿಯಾಯಿತಿ ಇಲ್ಲ. ತಪ್ಪಿಹೋದರೆ ಮುಂದಿನ ಆರು ತಿಂಗಳು ಹೆಚ್ಚುವರಿ ಶುಲ್ಕದೊಂದಿಗೆ ಅವಕಾಶವಿದೆ. ಅರ್ಜಿಯಲ್ಲಿ ಏಜೆಂಟರ ಇಮೇಲ್ ಮಾತ್ರ ಇದ್ದು ಆ ಏಜೆಂಟರು ಊರು ಬಿಟ್ಟಿದ್ದರೆ ಇಲಾಖೆಯ ಸೂಚನೆ ನಿಮಗೆ ತಲುಪುವುದೇ ಇಲ್ಲ. ಆದ್ದರಿಂದ ವಿಳಾಸ, ಇಮೇಲ್ ಬದಲಾದಾಗಲೆಲ್ಲ ಟಿಎಂ-ಪಿ ನಮೂನೆಯಲ್ಲಿ ತಿದ್ದುಪಡಿ ಮಾಡಿಸಿ, ಪ್ರಮಾಣಪತ್ರದ ಒಂದು ಪ್ರತಿಯನ್ನು ಸಂಘದ ಅಥವಾ ಮನೆಯ ಇನ್ನೊಬ್ಬರ ಬಳಿಯೂ ಇರಿಸಿ.